ಘಾಟಿಯಲ್ಲಿ ಉಸಿರು ಕಟ್ಟುವ ವ್ಯಾನು: ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಕ್ಯಾಂಪರ್ ವ್ಯಾನಿನವೇ ಜಾಸ್ತಿ. ಹಳೇ ಗಾಡಿ ತಗೊಂಡು, ಒಳಗೆ ಮಂಚ, ಒಲೆ, ನೀರಿನ ಕ್ಯಾನು ಜೋಡಿಸಿಕೊಂಡು ಊರೂರು ತಿರುಗುವವರು ಈಗ ನಮ್ಮ ಕಡೆಯೂ ಇದ್ದಾರೆ. ನನಗೆ ಅದು ತುಂಬಾ ಖುಷಿಯ ವಿಷಯ. ಗುಜರಿಗೆ ಹೋಗಬೇಕಾಗಿದ್ದ ಗಾಡಿಗೆ ಇನ್ನೊಂದು ಆಯುಸ್ಸು ಸಿಗುತ್ತದೆ ಅಲ್ವಾ. ಆದರೆ ಈ ಗಾಡಿಗಳು ಓಡಿ ಕೆಡುವುದಿಲ್ಲ, ನಿಂತು ಕೆಡುತ್ತವೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತು, ಒಂದು ದಿನ ಏಕಾಏಕಿ ಇನ್ನೂರು ಮುನ್ನೂರು ಕಿಲೋಮೀಟರ್ ಹೊರಟರೆ ಮೊದಲು ಕೈ ಕೊಡುವುದು ಇಂಧನದ ದಾರಿ. ನಾಲ್ಕು ಪತ್ರ ಆರಿಸಿದ್ದೇನೆ.

ಸಾಗರದಿಂದ ಒಬ್ಬ ನಿವೃತ್ತ ಮೇಷ್ಟ್ರು ಬರೆಯುತ್ತಾರೆ: ನಮ್ಮದು 1998ರ ಟೆಂಪೋ ಟ್ರಾವೆಲರ್, ಡೀಸೆಲ್. ನಾನೂ ನನ್ನ ಹೆಂಡತಿಯೂ ಮನೆವ್ಯಾನು ಮಾಡಿಕೊಂಡಿದ್ದೇವೆ. ಮಳೆಗಾಲ ಪೂರ್ತಿ ನಿಲ್ಲಿಸಿದ್ದೆವು. ಈಗ ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾದ ಮೇಲೆ ಸ್ಟಾರ್ಟ್ ಆಗುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಉಸಿರು ಕಟ್ಟಿದ ಹಾಗಾಗಿ ನಿಂತುಹೋಯಿತು. ಹದಿನೈದು ನಿಮಿಷ ಬಿಟ್ಟು ನೋಡಿದರೆ ಏನೂ ಆಗದ ಹಾಗೆ ಹೊರಟಿತು. ಗ್ಯಾರೇಜಿನವರು ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಬೇಕು, ಇಪ್ಪತ್ತೆಂಟು ಸಾವಿರ ಆಗುತ್ತದೆ ಎನ್ನುತ್ತಾರೆ. ಮಾಡಿಸಲೇ?

ಮೇಷ್ಟ್ರೇ, ಈಗಲೇ ಬೇಡ. ಮೊದಲು ಪಂಪಿಗೆ, ಅಂದರೆ ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ತಳ್ಳುವ ಆ ದೊಡ್ಡ ಪಂಪಿಗೆ, ಕೈ ಹಚ್ಚಬೇಡಿ.

ಯಾಕೆ ಇಷ್ಟು ಖಂಡಿತವಾಗಿ ಹೇಳುತ್ತೇನೆ ಅಂದರೆ, ಇದೇ ತಪ್ಪನ್ನು ನಾನು ಮಾಡಿದ್ದೇನೆ. ಗ್ಯಾರೇಜ್ ಶುರು ಮಾಡಿದ ಹೊಸತರಲ್ಲಿ ಒಬ್ಬ ಮೀನಿನ ಗಾಡಿಯವರ ಪಂಪ್ ಬಿಚ್ಚಿಸಿ, ಬೆಂಗಳೂರಿಗೆ ಕಳಿಸಿ, ವಾರಗಟ್ಟಲೆ ಗಾಡಿ ನಿಲ್ಲಿಸಿದೆ. ಪಂಪ್ ವಾಪಸ್ ಬಂದ ಮೇಲೂ ಅದೇ ಕಾಯಿಲೆ. ಕೊನೆಗೆ ನೋಡಿದರೆ ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಸಣ್ಣ ಫೀಡ್ ಪಂಪಿನ ಬೋಲ್ಟಿನ ಕೆಳಗಿದ್ದ ತಾಮ್ರದ ವಾಷರ್ ಒಂದು ಸೀಳಿತ್ತು. ಕೂದಲೆಳೆಯಷ್ಟು ಸೀಳು. ಅವರು ಒಂದು ಮಾತೂ ಆಡದೆ ದುಡ್ಡು ಕೊಟ್ಟು ಹೋದರು. ಅವತ್ತಿನಿಂದ ಟ್ಯಾಂಕಿನಿಂದ ಶುರು ಮಾಡಿ ಮುಂದಕ್ಕೆ ಬರುವುದನ್ನು ಕಲಿತೆ.

ನಿಮ್ಮ ಗಾಡಿಯ ಇಂಜಿನ್ ಮರ್ಸಿಡಿಸ್ ಮೂಲದ್ದು, ಓಎಂ616. ನಾಲ್ಕು ಸಿಲಿಂಡರ್, 2.4 ಲೀಟರ್. ಅದರ ಸಾಲುಪಂಪು, ಅಂದರೆ ಸಿಲಿಂಡರಿಗೊಂದರಂತೆ ಡೀಸೆಲ್ ಒತ್ತುವ ಕಡ್ಡಿಗಳು (ಪ್ಲಂಜರ್) ಸಾಲಾಗಿರುವ ಪಂಪು, ಹಳಬರು ಈಗಲೂ ಮೈಕೋ ಪಂಪ್ ಅಂತಲೇ ಕರೆಯುವ ಜಾತಿಯದು. ಮೈಕೋ ಅಂದರೆ 1951ರಲ್ಲಿ ಶುರುವಾದ ಕಂಪನಿ, ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿತ್ತು. 2008ರಲ್ಲಿ ಹೆಸರು ಬಾಷ್ ಅಂತ ಆಯಿತು. ಆ ಪಂಪು ಸುಮ್ನೆ ಕೆಡುವ ಸಾಮಾನಲ್ಲ. ಶುದ್ಧ ಡೀಸೆಲ್ ಕೊಟ್ಟರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ.

ಸವೆದ ಪಂಪಿನ ಲಕ್ಷಣ ಬೇರೆ. ಪ್ಲಂಜರ್ ಸವೆದಿದ್ದರೆ ತಣ್ಣಗಿರುವಾಗ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಬಿಸಿಯಾದಾಗ ಡೀಸೆಲ್ ತೆಳ್ಳಗಾಗಿ ಸಂದಿನಲ್ಲಿ ಜಾರಿಹೋಗುತ್ತದೆ. ಆಗ ಚಹಾ ಕುಡಿಯಲು ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ನಿಮ್ಮದು ಉಲ್ಟಾ. ಬೆಳಗಿನ ತಣ್ಣಗೆ ಕಷ್ಟ, ಬಿಸಿಯಲ್ಲಿ ಸಲೀಸು. ಹಾಗಾಗಿ ನನ್ನ ಲೆಕ್ಕದಲ್ಲಿ ನಿಮ್ಮ ಗಾಡಿಗೆ ಎರಡು ಬೇರೆ ಬೇರೆ ಕಾಯಿಲೆ ಇದೆ. ಬೆಳಗಿನದು ಒಂದು, ಘಾಟಿಯದು ಇನ್ನೊಂದು.

ಬೆಳಗಿನದನ್ನು ಮೊದಲು ನೋಡೋಣ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನಾಳೆ ಬೆಳಿಗ್ಗೆ ಕೀ ಹಾಕುವ ಮೊದಲು ಬಾನೆಟ್ ಎತ್ತಿ. ಪಂಪಿನ ಮಗ್ಗುಲಲ್ಲಿ ಫೀಡ್ ಪಂಪ್ ಇದೆ, ಅದರ ತಲೆಯ ಮೇಲೆ ಕೈಯಲ್ಲಿ ಒತ್ತುವ ಸಣ್ಣ ಹ್ಯಾಂಡ್ ಪಂಪ್. ತಿರುಗಿಸಿ ಬಿಚ್ಚಿ, ಮೂವತ್ತು ಸಲ ಒತ್ತಿ. ಮೊದಲ ಕೆಲವು ಒತ್ತು ಬೆಣ್ಣೆಯ ಹಾಗೆ ಮೆತ್ತಗೆ ಹೋಗಿ, ಆಮೇಲೆ ಅಂಗೈಗೆ ಎದುರು ಒತ್ತಡ ಸಿಕ್ಕಿದರೆ ರಾತ್ರಿ ಡೀಸೆಲ್ ಹಿಂದಕ್ಕೆ ಇಳಿದುಹೋಗಿತ್ತು ಎಂದರ್ಥ. ಹ್ಯಾಂಡ್ ಪಂಪನ್ನು ಮತ್ತೆ ಬಿಗಿ ಮಾಡಿ. ಮರೆತರೆ ಅಲ್ಲಿಂದಲೇ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಯಾವತ್ತಿನಂತೆ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಕಾಯಿಸಿ ಸೆಲ್ಫ್ ಹೊಡೆಯಿರಿ. ತಕ್ಷಣ ಹತ್ತಿದರೆ ಕಾಯಿಲೆ ಗಾಳಿ. ಹತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರ್ ತಲುಪಿಲ್ಲ.

ಗಾಳಿ ಎಲ್ಲಿಂದ? ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆಯುವ ದಾರಿ. ಅಲ್ಲಿಂದ ಮುಂದೆ ತಳ್ಳುವ ದಾರಿ. ತಳ್ಳುವ ಕಡೆ ತೂತಾದರೆ ಡೀಸೆಲ್ ಹೊರಗೆ ಜಿನುಗುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ತೂತಾದರೆ ಹೊರಗೆ ಹನಿಯೂ ಕಾಣದೆ ಗಾಳಿ ಒಳಗೆ ಸೇರಬಹುದು. ಗ್ಯಾರೇಜಿನವರು "ಲೀಕೇಜ್ ಎಲ್ಲೂ ಇಲ್ಲ ಸಾರ್" ಎನ್ನುವುದು ಇದಕ್ಕೇ. ಅವರು ಸುಳ್ಳು ಹೇಳುತ್ತಿಲ್ಲ. ಕಾಣದ ಲೀಕೇಜ್ ಅದು.

ಕಾಣಿಸಿಕೊಳ್ಳಲು ಒಂದು ಅಡಿ ಪಾರದರ್ಶಕ ಪೈಪ್ ತನ್ನಿ. ಡೀಸೆಲ್ ತಡೆಯುವಂಥದು ಕೇಳಿ. ಫೀಡ್ ಪಂಪಿನ ಸ್ವಲ್ಪ ಹಿಂದೆ ರಬ್ಬರ್ ಪೈಪಿನ ಜಾಗದಲ್ಲಿ ಅದನ್ನು ಹಾಕಿ ಕ್ಲಿಪ್ ಬಿಗಿ ಮಾಡಿ, ಇಂಜಿನ್ ಓಡಿಸಿ. ಒಂದೆರಡು ಸಣ್ಣ ಗುಳ್ಳೆ ಶುರುವಿನಲ್ಲಿ ಬಂದು ನಿಂತರೆ ಚಿಂತೆಯಿಲ್ಲ. ಸೋಡಾ ಬಾಟಲಿಯ ಹಾಗೆ ಬರುತ್ತಲೇ ಇದ್ದರೆ ಹಿಂದೆ ಎಲ್ಲೋ ಗಾಳಿ ಹಿಡಿಯುತ್ತಿದೆ. ಆಗ ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟ್ ನೋಡುತ್ತಾ ಹೋಗಿ. ಮೊದಲು ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ. ಬಗ್ಗಿಸಿದ ಕಡೆ ಒಣಗಿದ ಕೆರೆಯ ತಳದ ಹಾಗೆ ಬಿರುಕು ಕಂಡರೆ ಅದರ ಕಾಲ ಮುಗಿದಿದೆ. ಬಿಚ್ಚಿದ ಜಾಯಿಂಟಿಗೆಲ್ಲ ತಾಮ್ರದ ವಾಷರ್ ಹೊಸದು ಹಾಕಿ. ಹಳೆಯದನ್ನೇ ಉಜ್ಜಿ ಹಾಕುವ ಉಳಿತಾಯ ಬೇಡ.

ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಮೇಲೆ ಒಂದರಿಂದ ಒಂದಕ್ಕೆ ಹೋಗುವ ಸಣ್ಣ ಬಟ್ಟೆ ಹೆಣೆದ ಪೈಪುಗಳನ್ನೂ ಬದಲಿಸಿಬಿಡಿ. ಬೆರಳಿನಿಂದ ಒರೆಸಿದರೆ ಒದ್ದೆ ಹತ್ತಿತು ಅಂದರೆ ಅವೂ ಹೋಗಿವೆ. ಬಹಳ ಕಡಿಮೆ ಬೆಲೆಯವು.

ಇನ್ನು ಘಾಟಿಯ ವಿಷಯ. ಆಗುಂಬೆ ಘಾಟಿಗೆ ಹದಿನಾಲ್ಕು ತಿರುವು. ಸೋಮೇಶ್ವರದಿಂದ ಎಂಟನೇ ತಿರುವಿಗೆ ಬರುವ ಹೊತ್ತಿಗೆ ಇಂಜಿನ್ ಬಹಳ ಹೊತ್ತಿನಿಂದ ಫುಲ್ ಡೀಸೆಲ್ ಕೇಳುತ್ತಿರುತ್ತದೆ. ಬಯಲಿನಲ್ಲಿ ಅರ್ಧ ಕಟ್ಟಿದ ದಾರಿಯೂ ಸಾಕಾಗುತ್ತದೆ, ಏರಿನಲ್ಲಿ ಸಾಕಾಗುವುದಿಲ್ಲ. ನಿಂತ ಮೇಲೆ ಹದಿನೈದು ನಿಮಿಷದಲ್ಲಿ ತಾನೇ ಸರಿಹೋಗುತ್ತದೆ ಅಂದರೆ ಎರಡೇ ಅನುಮಾನ. ಒಂದು, ಟ್ಯಾಂಕಿನೊಳಗಿನ ಜಾಲರಿಗೆ ಕೆಸರು ಅಂಟಿಕೊಳ್ಳುತ್ತಿದೆ. ಎಳೆಯುವುದು ನಿಂತಾಗ ಕೆಸರು ಕೆಳಗೆ ಬೀಳುತ್ತದೆ. ಇನ್ನೊಂದು, ಟ್ಯಾಂಕಿಗೆ ಗಾಳಿ ಹೋಗುವ ತೂತು ಕಟ್ಟಿದೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕಲ್ವಾ? ಬಾರದಿದ್ದರೆ ಟ್ಯಾಂಕೇ ಡೀಸೆಲ್ ಹಿಡಿದಿಟ್ಟುಕೊಳ್ಳುತ್ತದೆ.

ಇವೆರಡರಲ್ಲಿ ಯಾವುದು ಎಂದು ತಿಳಿಯಲು ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳದ ಹತ್ತಿರ ಕಿವಿ ಇಟ್ಟು ನಿಧಾನಕ್ಕೆ ತಿರುಗಿಸಿ. "ಸುಯ್" ಅಂತ ಗಾಳಿ ಒಳಗೆ ಎಳೆದುಕೊಂಡರೆ ತೂತಿನದೇ ತಪ್ಪು. ಸದ್ದಿಲ್ಲದಿದ್ದರೆ ಜಾಲರಿ.

ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಹತ್ತು ಲೀಟರಿನ ಶುಭ್ರ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿಸಿ, ಅಲುಗಾಡದ ಹಾಗೆ ಕಟ್ಟಿ, ಫೀಡ್ ಪಂಪಿನ ಎಳೆಯುವ ಪೈಪನ್ನು ಅದರೊಳಗೆ ಬಿಡಿ. ವಾಪಸ್ ಬರುವ ಪೈಪನ್ನೂ ಅದಕ್ಕೇ ಬಿಡಿ, ಇಲ್ಲದಿದ್ದರೆ ಕ್ಯಾನು ಬೇಗ ಖಾಲಿಯಾಗುತ್ತದೆ. ಇದನ್ನು ತಿಳಿದ ಮೆಕ್ಯಾನಿಕ್ ಜೊತೆಗಿಟ್ಟುಕೊಂಡೇ ಮಾಡಿ. ಕ್ಯಾನಿನ ಡೀಸೆಲ್ ಮೇಲೆ ಗಾಡಿ ಘಾಟಿ ಹತ್ತಿದರೆ, ನಿಮ್ಮ ಪಂಪಿಗೂ ನಾಝಲ್‌ಗೂ ಏನೂ ಆಗಿಲ್ಲ. ಆ ಇಪ್ಪತ್ತೆಂಟು ಸಾವಿರ ನಿಮ್ಮ ಜೇಬಿನಲ್ಲೇ ಇರಲಿ.

ಟ್ಯಾಂಕ್ ಇಳಿಸುವುದಾದರೆ ಒಳಗೆ ಏನು ಕಾಣುತ್ತದೆ ಅಂತ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಿದ ಗಾಡಿಯಲ್ಲಿ ಮೇಲಿನ ಖಾಲಿ ಜಾಗದ ತೇವ ಒಳಗೋಡೆಯ ಮೇಲೆ ಬೆವರಿ ಕೆಳಗೆ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತವೆ. ಹೋದ ವರ್ಷ ನಾನು ಬಿಚ್ಚಿದ ಒಂದು ಟ್ಯಾಂಕಿನ ತಳದಲ್ಲಿ ಹುಣಸೆ ಗೊಜ್ಜಿನ ಬಣ್ಣದ ಲೋಳೆ ಇತ್ತು. ಬೆರಳಲ್ಲಿ ತೆಗೆದರೆ ನಾರಿನ ಹಾಗೆ ಎಳೆ ಎಳೆಯಾಗಿ ಬಂತು, ವಾಸನೆಯೂ ಡೀಸೆಲ್ಲಿನದಲ್ಲ. ಜಾಲರಿ ಕಾಣಿಸುತ್ತಲೇ ಇರಲಿಲ್ಲ. ಅಂಥದಿದ್ದರೆ ಟ್ಯಾಂಕ್ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎರಡೂ ಬದಲಿಸಬೇಕು. ಆಮೇಲೆ ನೂರಿನ್ನೂರು ಕಿಲೋಮೀಟರಿಗೆ ಇನ್ನೊಂದು ಸಲ ಫಿಲ್ಟರ್ ಬದಲಿಸಿ. ಉಳಿದ ಕೆಸರು ಆಗ ಬರುತ್ತದೆ.

ಒಂದು ಎಚ್ಚರಿಕೆ. ಇಂಜಿನ್ ಓಡುವಾಗ ನಾಝಲ್ ಪೈಪಿನ ನಟ್ ಸಡಿಲ ಮಾಡಿ ಕೈ ಅಡ್ಡ ಇಡುವವರನ್ನು ನೋಡಿದ್ದೇನೆ. ಅಲ್ಲಿ ಒತ್ತಡ ನೂರು ಬಾರ್‌ಗೂ ಜಾಸ್ತಿ. ಆ ಸಿಂಪಡಿಕೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ.

ಈ ಉತ್ತರ ಅಚ್ಚಿಗೆ ಕೊಡುವ ಮೊದಲು ಮೇಷ್ಟ್ರಿಗೆ ಫೋನ್ ಮಾಡಿ ಹ್ಯಾಂಡ್ ಪಂಪಿನ ಪರೀಕ್ಷೆ ಹೇಳಿದ್ದೆ. ಮಾರನೇ ದಿನ ಬೆಳಿಗ್ಗೆ ಅವರ ಹೆಂಡತಿಯೇ ಮೂವತ್ತು ಸಲ ಒತ್ತಿದರಂತೆ. ಒಂದೇ ಸೆಲ್ಫಿಗೆ ಹತ್ತಿತಂತೆ. ಹಾಗಾಗಿ ಬೆಳಗಿನ ಕಾಯಿಲೆ ಗಾಳಿಯದೇ. ಮುಚ್ಚಳದ ಸದ್ದು ಕೇಳಲು ಘಾಟಿಗೆ ಹೋಗುತ್ತೇವೆ ಎಂದಿದ್ದಾರೆ.

ದಾವಣಗೆರೆಯಿಂದ ಒಬ್ಬ ಯುವತಿ: ಅಣ್ಣಾ, ನನ್ನದು 1996ರ ಓಮ್ನಿ, ಕಾರ್ಬುರೇಟರ್ ಗಾಡಿ. ಹಿಂದಿನ ಸೀಟು ತೆಗೆದು ನಾನೇ ಹಲಗೆಯ ಮಂಚ ಮಾಡಿದ್ದೇನೆ. ಮಧ್ಯಾಹ್ನದ ಬಿಸಿಲಲ್ಲಿ ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ, ಅರ್ಧ ಗಂಟೆ ಹತ್ತುವುದಿಲ್ಲ. ಬೆಳಿಗ್ಗೆ, ರಾತ್ರಿ ತೊಂದರೆಯಿಲ್ಲ. ಈಚೆಗೆ ಒಳಗೆ ಪೆಟ್ರೋಲ್ ವಾಸನೆಯೂ ಬರುತ್ತಿದೆ.

ತಂಗೀ, ನೀನು ಕೊನೆಗೆ ಬರೆದದ್ದನ್ನು ನಾನು ಮೊದಲಿಗೆ ತೆಗೆದುಕೊಳ್ಳುತ್ತೇನೆ. ವಾಸನೆಯ ಮೂಲ ಸಿಗುವವರೆಗೆ ಆ ಗಾಡಿ ಓಡಿಸಬೇಡ, ಒಳಗೆ ಮಲಗಬೇಡ, ಒಲೆ ಹಚ್ಚಲೇಬೇಡ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಲ್ಲಿ ಪೆಟ್ರೋಲ್ ಜಿನುಗಿದರೆ ಅದು ನಿನ್ನ ಕೆಳಗೇ ಜಿನುಗಿದ ಹಾಗೆ.

ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಬ್ಯಾಟರಿಯ ನೆಗೆಟಿವ್ ತೆಗೆದು ಸೀಟು ಎತ್ತಿಸು. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಪ್ರತಿ ರಬ್ಬರ್ ಪೈಪನ್ನೂ ಬೆರಳಲ್ಲಿ ಹಿಸುಕಿ ನೋಡಿಸು. ಒಂದೋ ಕಟ್ಟಿಗೆಯ ಹಾಗೆ ಗಟ್ಟಿಯಾಗಿರುತ್ತದೆ, ಇಲ್ಲವೇ ಉಬ್ಬಿ ಜಿಗುಟಾಗಿರುತ್ತದೆ. ಎರಡೂ ಕೆಟ್ಟದ್ದೇ. ನಿನ್ನ ಗಾಡಿ ತಯಾರಾದ ಕಾಲದ ರಬ್ಬರು ಈಗಿನ ಪೆಟ್ರೋಲಿಗಾಗಿ ಮಾಡಿದ್ದಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು. ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೇ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಹೊಸ ಪೈಪ್ ತರುವಾಗ ಮೈಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವುದನ್ನೇ ಕೇಳಿ ತಾ. ಮೀಟರ್ ಲೆಕ್ಕದ ಸಾದಾ ಕಪ್ಪು ಪೈಪ್ ಬೇಡ. ಕ್ಲಿಪ್ಪುಗಳೂ ಹೊಸದಿರಲಿ.

ಎಂಜಿನ್ ಆಯಿಲ್ ಕಡ್ಡಿ ಎಳೆದು ಮೂಸಿ ನೋಡು. ಪೆಟ್ರೋಲ್ ವಾಸನೆ ಇದ್ದು, ಮಟ್ಟ ಮೊದಲಿಗಿಂತ ಮೇಲೆ ಬಂದಿದ್ದರೆ ಪೆಟ್ರೋಲ್ ಪಂಪಿನ ಒಳಗಿನ ಪೊರೆ (ಡಯಾಫ್ರಂ) ಹರಿದಿರಬಹುದು. ಆಗ ಪಂಪ್ ಬದಲಿಸು, ಆಯಿಲ್ಲೂ ಬದಲಿಸು. ತೆಳ್ಳಗಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ವಾಸನೆ ನಿಂತ ಮೇಲೆ ಬಿಸಿಲಿನ ವಿಷಯಕ್ಕೆ ಬರೋಣ. ಪೈಪಿನೊಳಗೆ ಪೆಟ್ರೋಲ್ ಬಿಸಿಗೆ ಆವಿಯಾಗಿ ದಾರಿ ಕಟ್ಟುತ್ತದೆ. ವೇಪರ್ ಲಾಕ್ ಅನ್ನುತ್ತಾರೆ. ಸಿಗ್ನಲ್‌ನಲ್ಲಿ ಗಾಳಿಯಾಡದೆ ನಿಂತಾಗಲೇ ಆಗುವುದು. ಮುಂದಿನ ಸಲ ಆಫ್ ಆದಾಗ ಗಾಡಿ ಪಕ್ಕಕ್ಕೆ ತಳ್ಳಿ, ಒಂದು ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ ಪೆಟ್ರೋಲ್ ಪಂಪಿನ ಮೇಲೂ ಅದರ ಪೈಪಿನ ಮೇಲೂ ಹಾಕು. ಐದು ನಿಮಿಷಕ್ಕೇ ಹತ್ತಿದರೆ ಅದೇ ಕಾರಣ. ಆಗ ಪೈಪು ಇಂಜಿನ್ನಿಗೆ ತಾಗದ ಹಾಗೆ ದೂರ ಸರಿಸಿ ಕಟ್ಟಿಸು, ಬಿಸಿ ತಡೆಯುವ ತೋಳು ಹಾಕಿಸು, ಟ್ಯಾಂಕಿಗೆ ವಾಪಸ್ ಹೋಗುವ ಪೈಪು ಕಟ್ಟಿದೆಯಾ ನೋಡಿಸು. ಬಟ್ಟೆಗೆ ಬಗ್ಗದಿದ್ದರೆ ಇಂಧನ ಬಿಟ್ಟು ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕಡೆ ನೋಡಬೇಕು. ಅದೂ ಬಿಸಿಗೆ ಕೈ ಕೊಡುವ ಸಾಮಾನೇ.

ಟ್ಯಾಂಕಿನಲ್ಲಿ ಏನಿದೆ ಅಂತ ನೋಡಲು ಒಂದು ಸುಲಭ ದಾರಿ. ಅಳತೆಯ ಗೆರೆ ಇರುವ ಗಾಜಿನ ಕೊಳವೆಯಲ್ಲಿ 10 ಮಿಲಿ ನೀರು, ಮೇಲೆ 100 ಮಿಲಿ ಪೆಟ್ರೋಲ್. ಬಯಲಲ್ಲಿ ಕಲಕಿ, ಬಿಡು. ಎಥನಾಲ್ ನೀರಿನ ಜೊತೆ ಸೇರಿ ಕೆಳಗೆ ಇಳಿಯುತ್ತದೆ. ಹತ್ತಿದ್ದ ಕೆಳಗಿನ ಪದರ ಮೂವತ್ತರ ಹತ್ತಿರ ಬಂದರೆ ಇ20. ನಿಂತ ಗಾಡಿಯ ಟ್ಯಾಂಕಿಗೆ ನೀರು ಸೇರಿದರೂ ಒಳಗೆ ಆಗುವುದು ಇದೇ. ಆ ಕೆಳಗಿನ ಪದರವನ್ನೇ ಪಂಪ್ ಮೊದಲು ಎಳೆಯುತ್ತದೆ.

ಮಂಚ ನೀನೇ ಮಾಡಿದ್ದು ಓದಿ ಸಂತೋಷವಾಯಿತು. ಹಲಗೆ ಬಿಚ್ಚಿ ತೆಗೆಯುವ ಹಾಗಿದೆ ತಾನೇ? ಪೈಪು ನೋಡಲು ದಾರಿ ಇರಬೇಕು. ಒಂದು ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ ಇಟ್ಟುಕೋ. ಮಂಚದ ಅಡಿಯಲ್ಲಿ ಅಲ್ಲ.

ಅಮೆರಿಕದ ಒರೆಗಾನ್‌ನಿಂದ ಒಬ್ಬ ಕನ್ನಡಿಗರು: 1987ರ ಫೋಕ್ಸ್‌ವ್ಯಾಗನ್ ವ್ಯಾನಗನ್, ವೆಸ್ಟ್‌ಫಾಲಿಯಾ ಕ್ಯಾಂಪರ್, 2.1 ಲೀಟರ್. ಹೈವೇಯಲ್ಲಿ ಒಂದೇ ವೇಗದಲ್ಲಿ ಒಂದು ಗಂಟೆ ಹೋದರೆ ಜಗ್ಗಾಡಿ ಶಕ್ತಿ ಕಳೆದುಕೊಳ್ಳುತ್ತದೆ. ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ ಆನ್ ಮಾಡಿದರೆ ಸರಿ. ಫ್ಯೂಯಲ್ ಪಂಪ್, ಫಿಲ್ಟರ್ ಎರಡೂ ಬದಲಿಸಿದೆ, ಉಪಯೋಗವಾಗಲಿಲ್ಲ.

ತಮ್ಮಾ, ಶಾರ್ಜಾದಲ್ಲಿ ಗ್ಯಾರೇಜ್ ಕೆಲಸಕ್ಕಿದ್ದಾಗ ಈ ಗಾಡಿ ನನ್ನ ಕೈಗೆ ಬಂದಿದೆ. ಮೊದಲು ಪೆಟ್ರೋಲ್ ದಾರಿಗೆ ಒಂದು ಪ್ರೆಶರ್ ಗೇಜ್ ಜೋಡಿಸಿ. ಐಡಲಿಂಗ್‌ನಲ್ಲಿ 2 ಬಾರ್ ಆಸುಪಾಸು ಇರಬೇಕು. ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ತೆಗೆದರೆ 2.5ಕ್ಕೆ ಏರಬೇಕು. ಜಗ್ಗಾಡುವ ಹೊತ್ತಿನಲ್ಲೂ ಒತ್ತಡ ಬೀಳದಿದ್ದರೆ ಪಂಪು, ಫಿಲ್ಟರ್, ಟ್ಯಾಂಕ್ ಎಲ್ಲವೂ ನಿರಪರಾಧಿ.

ಆಗ ಏರ್ ಫ್ಲೋ ಮೀಟರ್ ಕಡೆ ತಿರುಗಿ. ಒಳಗೆ ಬರುವ ಗಾಳಿ ಒಂದು ರೆಕ್ಕೆಯನ್ನು ತಳ್ಳುತ್ತದೆ. ರೆಕ್ಕೆಗೆ ಅಂಟಿದ ಸಣ್ಣ ಕೈ ಒಂದು ಕಾರ್ಬನ್ ಪಟ್ಟಿಯ ಮೇಲೆ ಉಜ್ಜುತ್ತಾ ಕಂಪ್ಯೂಟರಿಗೆ ಎಷ್ಟು ಗಾಳಿ ಬಂತು ಅಂತ ಹೇಳುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಆ ಕೈ ಒಂದೇ ಜಾಗದಲ್ಲಿ ನಡುಗುತ್ತಾ ನಿಂತಿರುತ್ತದೆ. ಆ ಜಾಗ ಸವೆದಿದ್ದರೆ ಸಿಗ್ನಲ್ ಚೂರುಚೂರಾಗುತ್ತದೆ. ಕಂಪ್ಯೂಟರ್ ತಪ್ಪು ಲೆಕ್ಕ ಹಾಕುತ್ತದೆ. ಇದು ಆ ಗಾಡಿಯ ಪ್ರಸಿದ್ಧ ಕಾಯಿಲೆ, "ವ್ಯಾನಗನ್ ಸಿಂಡ್ರೋಮ್" ಅಂತ ಹೆಸರೇ ಇದೆ. ಆ ಸಿಗ್ನಲ್ ಸಮ ಮಾಡಲು ಕೆಪಾಸಿಟರ್ ಇರುವ ಒಂದು ಸಣ್ಣ ವೈರಿಂಗ್ ತುಂಡನ್ನು ಕಂಪನಿಯೇ ಕೊಟ್ಟಿತ್ತು. ಮೊದಲು ಅದು ನಿಮ್ಮ ಗಾಡಿಯಲ್ಲಿ ಇದೆಯೇ ನೋಡಿ. ಆಮೇಲೆ ಮೀಟರ್ ಬದಲಿಸುವ ಮಾತು.

ಪೈಪುಗಳ ವಿಷಯದಲ್ಲಿ ದಾವಣಗೆರೆಯ ತಂಗಿಗೆ ಹೇಳಿದ್ದೇ ನಿಮಗೂ. ನಿಮ್ಮ ಇಂಜಿನ್ ಹಿಂದೆ, ಮಂಚದ ಅಡಿಯಲ್ಲೇ ಇದೆ. ಫ್ರಿಜ್ ಗ್ಯಾಸಿನ ಮೇಲೆ ಓಡುತ್ತಿದ್ದರೆ ಪೆಟ್ರೋಲ್ ಬಂಕಿಗೆ ಹೋಗುವ ಮೊದಲೇ ಆ ಜ್ವಾಲೆ ಆರಿಸಿ.

ಮಡಿಕೇರಿಯಿಂದ: ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಬೇಕೇ, ಖಾಲಿ ಇಡಬೇಕೇ? ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕೇ?

ಡೀಸೆಲ್ ಆದರೆ ಕುತ್ತಿಗೆವರೆಗೆ ತುಂಬಿಸಿ. ತೇವ ಬೆವರಲು ಜಾಗವೇ ಇರಬಾರದು. ಪೆಟ್ರೋಲ್ ಆದರೂ ಅರ್ಧ ಟ್ಯಾಂಕ್ ಬೇಡ. ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಪೈಪ್ ಮುಚ್ಚಿ ಅದಾಗಿಯೇ ಆಫ್ ಆಗುವವರೆಗೆ ಓಡಿಸಿ, ಕಾರ್ಬುರೇಟರಿನೊಳಗಿನ ಪೆಟ್ರೋಲ್ ಬಟ್ಟಲು ಖಾಲಿಯಾಗುತ್ತದೆ. ಇಲ್ಲದಿದ್ದರೆ ಅದೇ ಒಣಗಿ ಪೆಟ್ರೋಲ್ ಹಾಯುವ ಸಣ್ಣ ತೂತುಗಳಲ್ಲಿ (ಜೆಟ್) ಮೇಣದ ಹಾಗೆ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಸೈಲೆನ್ಸರ್‌ಗೆ ನೀರು ಕಟ್ಟುತ್ತದೆ, ಅಷ್ಟೇ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಡೀಸೆಲ್ ಗಾಡಿಯಾದರೆ ಮಳೆ ಮುಗಿದ ಮೇಲೆ ಮೊದಲ ಪ್ರಯಾಣಕ್ಕೆ ಮುಂಚೆ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲ ಮಾಡಿ ಒಂದು ಲೋಟ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಇಳಿಸಿ, ರಾತ್ರಿ ಕಿಟಕಿಯಲ್ಲಿಡಿ. ಬೆಳಿಗ್ಗೆ ತಳದಲ್ಲಿ ನೀರಿನ ಗೆರೆ ಕಂಡರೆ ಹೊರಡುವುದನ್ನು ಒಂದು ದಿನ ಮುಂದಕ್ಕೆ ಹಾಕಿ ಟ್ಯಾಂಕಿನ ತಳದ ನೀರು ಇಳಿಸಿ.